ಗೊತ್ತಿಲ್ಲದ ತುದಿಗಳು

ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಹಾಲು ತರಲು ಹೋದವಳು ಮನೆ ಸೇರಿದಾಗ ಮಧ್ಯಾಹ್ನವಾಗಿತ್ತು. ಹಿಂದಿನ ದಿನ ಹೋದ ದಾರಿಯಲ್ಲೇ ಹೋಗಿದ್ದೆ, ಅದೇ ತಪ್ಪಾಗಿದ್ದು. ಹಿಂದಿನ ದಿನ ನಮ್ಮ ಕಂಚುಗಾರರ ಬೀದಿಯ ತುದಿಗೆ ಡೈರಿಯ ಬೀದಿ ಇತ್ತು. ಆವತ್ತು ಅಲ್ಲಿ ಅಕ್ಕಿ ಮಂಡಿಯ ಬೀದಿ ಬಂದು ಕೂತಿತ್ತು. ಕೇಳುತ್ತಾ ಕೇಳುತ್ತಾ ಹೋಗಿ ಹಾಲೇನೋ ಸಿಕ್ಕಿತು, ವಾಪಸ್ ಬರುವಷ್ಟರಲ್ಲಿ ಒಡೆದುಹೋಗಿತ್ತು. ನನ್ನ ಗಂಡ ರೇವಣ ಪಾತ್ರೆಯೊಳಗೆ ಇಣುಕಿ, "ಬೋರ್ಡ್ ನೋಡ್ಕೊಂಡು ಹೋಗ್ಬಾರ್ದಾ?" ಅಂದ. ಅವನು ಇಲ್ಲೇ ಹುಟ್ಟಿ ಬೆಳೆದವನು, ಆಸ್ಪತ್ರೆಯ ಆಂಬುಲೆನ್ಸ್ ಓಡಿಸುವವನು. ಅವನಿಗೆ ಇದು ನಗುವ ವಿಷಯ.

ಈ ಊರಲ್ಲಿ ಬೀದಿಗಳು ಒಂದೆಡೆ ನಿಲ್ಲುವುದಿಲ್ಲ. ಬೆಳಕು ಹರಿಯುವ ಮುಂಚೆ ಯಾವುದೋ ಹೊತ್ತಿನಲ್ಲಿ ಮನೆ, ಅಂಗಡಿ, ಚರಂಡಿ, ಮಲಗಿದ ನಾಯಿಗಳ ಸಮೇತ ಜಾಗ ಬದಲಿಸಿಬಿಡುತ್ತವೆ. ದಿನಾ ಅಲ್ಲ, ಎಲ್ಲವೂ ಅಲ್ಲ. ಕೆಲವು ಬೀದಿಗಳು ತಿಂಗಳುಗಟ್ಟಲೆ ಅಲುಗಾಡದೆ ಇರುತ್ತವೆ, ಇನ್ನು ಕೆಲವಕ್ಕೆ ಕಾಲು ನಿಲ್ಲುವುದೇ ಇಲ್ಲ. ಯಾಕೆ ಅಂತ ನಾನು ಮೊದಮೊದಲು ಕೇಳುತ್ತಿದ್ದೆ. ಜನ ನನ್ನನ್ನು, ಬಿಸಿಲು ಯಾಕೆ ಬೀಳುತ್ತದೆ ಅಂತ ಕೇಳಿದವಳನ್ನು ನೋಡಿದ ಹಾಗೆ ನೋಡುತ್ತಿದ್ದರು. ಅವರ ತಲೆಬಿಸಿಗಳು ಬೇರೆ. ಒಣಮೀನಿನ ಬೀದಿ ಪಕ್ಕಕ್ಕೆ ಬಂದ ದಿನ ಮಠದ ಬೀದಿಯವರು ತುದಿಗೆ ದಪ್ಪನೆಯ ಜಮಖಾನ ಕಟ್ಟುತ್ತಿದ್ದರು. ಮಾತು ಬಿಟ್ಟ ಅಣ್ಣತಮ್ಮಂದಿರು ಎಷ್ಟೇ ದೂರ ಮನೆ ಮಾಡಿದರೂ ಒಂದಲ್ಲ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಎದುರುಬದುರು ನಿಲ್ಲಬೇಕಾಗುತ್ತಿತ್ತು. ಲಗ್ನಪತ್ರಿಕೆಗಳಲ್ಲಿ ಛತ್ರದ ಹೆಸರಿನ ಕೆಳಗೆ "ಆವತ್ತಿನ ಬೋರ್ಡ್ ನೋಡಿಕೊಂಡು ಬರುವುದು" ಅಂತ ಅಚ್ಚು ಹಾಕಿಸುತ್ತಿದ್ದರು.

ಬೋರ್ಡ್ ಅಂದರೆ ಬೀದಿ ಮೂಲೆಗಳಲ್ಲಿ ನಿಲ್ಲಿಸಿದ ದೊಡ್ಡ ಪರದೆಗಳು. ಆ ದಿನದ ಊರಿನ ನಕ್ಷೆ ಅದರಲ್ಲಿ ಬರುತ್ತದೆ, ಎಲ್ಲರ ಫೋನಿನಲ್ಲೂ ಬರುತ್ತದೆ. ಪ್ರತಿ ಬೀದಿಗೂ ಒಬ್ಬ ತುದಿಗಾರ ಇರುತ್ತಾನೆ. ಬೆಳಗಾಗುತ್ತಲೇ ತನ್ನ ಬೀದಿಯ ಎರಡೂ ತುದಿಗೆ ಹೋಗಿ, ಅಲ್ಲಿಗೆ ಯಾವ ಬೀದಿ ಬಂದು ತಾಗಿದೆ ಅಂತ ನೋಡಿ ಫೋನಿನಿಂದ ಕಳಿಸುವುದು ಅವನ ಕೆಲಸ. ಹಾಗೆ ಬಂದ ಚೂರುಗಳನ್ನೆಲ್ಲ ಸೇರಿಸಿ ನಕ್ಷೆ ಮಾಡುವ ಪ್ರೋಗ್ರಾಮಿನ ಹೆಸರು ನಂಟು. ಅದನ್ನು ಬರೆದವರು ಗಂಟೆ ಬೀದಿಯ ಅಂಬುಜಾಕ್ಷಿ. ಮೊದಲು ಟೆಲಿಫೋನ್ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು. ತಾವು ಆಫೀಸಿನಿಂದ ಮನೆಗೆ ಸರಿಯಾಗಿ ಬಂದರೆ ಸಾಕು ಅಂತ ಬರೆದುಕೊಂಡಿದ್ದಂತೆ. ಆಮೇಲೆ ಅಕ್ಕಪಕ್ಕದವರು ಕೇಳಿದರು, ಆಮೇಲೆ ನಗರಸಭೆ ಕೇಳಿತು. ಕೋಡನ್ನು ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದಿ ಕಳಿಸಬಹುದು ಅಂತ ಇಂಟರ್ನೆಟ್ಟಿನಲ್ಲಿ ತೆರೆದಿಟ್ಟರು. ಸಂಬಳ ಸಾರಿಗೆ ಏನೂ ಇಲ್ಲ.

ನನಗೆ ನಗರಸಭೆಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಬರುವ ಮುಂಚೆ ದೊಡ್ಡ ಕಂಪನಿಯೊಂದರಲ್ಲಿ ಅದೇ ಕೆಲಸ ಮಾಡಿದ್ದೆ. ನಂಟಿನ ಕೋಡ್ ತೆರೆದು ನೋಡಿದರೆ ಹಳೇ ಮನೆಯ ಅಟ್ಟದಂತಿತ್ತು. ಎಲ್ಲೆಲ್ಲೋ ತೇಪೆ, ಒಂದೇ ಕೆಲಸಕ್ಕೆ ಮೂರು ನಾಲ್ಕು ಬಗೆ, ಒಂದು ಕಡೆ "ಇಲ್ಲಿ ಸ್ವಲ್ಪ ಕಾಯಬೇಕು, ತೆಗೆಯಬೇಡಿ" ಅಂತ ಟಿಪ್ಪಣಿ. ಯಾಕೆ ಕಾಯಬೇಕು ಅಂತ ಬರೆದಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಬೇಸಿಗೆಯಿಡೀ ಕೂತು ಅರ್ಧಕ್ಕರ್ಧ ಹೊಸದಾಗಿ ಬರೆದು ಒಟ್ಟಿಗೆ ಕಳಿಸಿಬಿಟ್ಟೆ. ಶಹಬ್ಬಾಸ್ ಅನ್ನುತ್ತಾರೆ ಅಂದುಕೊಂಡಿದ್ದೆ. ಉತ್ತರ ಬಂತು: "ಓದಲು ಕೂತೆ, ಮುಗಿಯಲಿಲ್ಲ. ಇಷ್ಟು ದೊಡ್ಡದನ್ನು ನಾನು ಒಪ್ಪಿಕೊಂಡರೆ ನಾಳೆ ಕೆಟ್ಟಾಗ ಎಲ್ಲಿ ಕೆಟ್ಟಿತು ಅಂತ ಹುಡುಕುವವಳೂ ನಾನೇ. ಒಂದು ಸಲಕ್ಕೆ ಒಂದು ವಿಷಯ ಕಳಿಸಿ. ಏನು ಕೆಟ್ಟಿದೆ ಅಂತ ಮೊದಲು ಬರೆಯಿರಿ. ಆ ಕಾಯುವ ಜಾಗ ತೆಗೆದಿದ್ದೀರಿ. ಕೆಲವು ಬೀದಿಗಳು ನಿಧಾನಕ್ಕೆ ಬಂದು ಕೂರುತ್ತವೆ, ಅದಕ್ಕೇ ಕಾಯುವುದು."

ನಾನು ಕೋಪದಿಂದ ಲ್ಯಾಪ್‌ಟಾಪ್ ಮುಚ್ಚಿದೆ. ರೇವಣ, "ನಿಧಾನಕ್ಕೆ ಕೂರೋದು ಹಗ್ಗದ ಬೀದಿ. ನನ್ನೇ ಕೇಳಿದ್ರೆ ಹೇಳ್ತಿದ್ನಲ್ಲ" ಅಂದ. ಅದು ಇನ್ನೂ ಉರಿ ಹತ್ತಿಸಿತು. ಅವರು ಒಪ್ಪಿಕೊಂಡ ನನ್ನ ಮೊದಲ ತಿದ್ದುಪಡಿ ಅಂದರೆ, ಒಂದು ಬೀದಿಯ ಹೆಸರಿನಲ್ಲಿ ಬಿಟ್ಟುಹೋಗಿದ್ದ ಒತ್ತಕ್ಷರ. ಎರಡನೆಯದು ಸ್ವಲ್ಪ ದೊಡ್ಡದು. ಬ್ಯಾಕಪ್ ದಿನಾ ಆಗುತ್ತಿದೆ ಅಂತ ನಗರಸಭೆ ನೆಮ್ಮದಿಯಾಗಿತ್ತು. ಅದರಿಂದ ಒಂದು ಸಲ ಎಲ್ಲವನ್ನೂ ವಾಪಸ್ ತಂದು ನೋಡೋಣ ಅಂತ ಹೊರಟರೆ ಫೈಲುಗಳೆಲ್ಲ ಖಾಲಿ. ಡಿಸ್ಕ್ ಯಾವಾಗಲೋ ತುಂಬಿಹೋಗಿ, ಹೆಸರು ಮಾತ್ರ ಬರೆದುಕೊಂಡು ಕೂತಿತ್ತು. ಅದನ್ನು ಸರಿ ಮಾಡಿ ಕಳಿಸಿದಾಗ ಅಂಬುಜಾಕ್ಷಿ, "ಇದು ಕೆಲಸ" ಅಂತ ಎರಡೇ ಪದ ಬರೆದರು. ಆವತ್ತು ನಾನು ನೆಲದ ಮೇಲೆ ನಡೆಯಲಿಲ್ಲ.

ಒಂದು ದಿನ ಗಂಟೆ ಬೀದಿ ನಮ್ಮ ಬೀದಿಗೆ ತಾಗಿ ಬಂತು. ಬಾಗಿಲು ಬಡಿದ ಸದ್ದಾಯಿತು. ಕುಳ್ಳಗೆ, ಕನ್ನಡಕ ತಲೆಯ ಮೇಲೆ ಏರಿಸಿಕೊಂಡ ಹೆಂಗಸು. "ತಾರಿಣಿ ಅಂದ್ರೆ ನೀನೇನಾ? ಕರಿಬೇವಿದೆಯಾ ಮನೇಲಿ?" ಅಂದರು. ಒಳಗೆ ಬನ್ನಿ ಮೇಡಂ ಅಂದರೆ ಬಂದರು, ಆದರೆ ಕೂರಲಿಲ್ಲ. ಕೈಯಲ್ಲಿ ಫೋನ್ ಗುಂಯ್‌ಗುಟ್ಟುತ್ತಲೇ ಇತ್ತು. ನಂಟನ್ನು ಎಲ್ಲೆಲ್ಲೋ ಬಳಸುತ್ತಿದ್ದರು. ನದಿಯೊಂದರ ಮರಳುದಿಬ್ಬಗಳ ಮೇಲೆ ಬದುಕುವ ಜನ, ತಮ್ಮ ದಿಬ್ಬಗಳು ಸರಿದಾಡುವುದಕ್ಕೆ ಅದನ್ನು ಹೊಂದಿಸಿಕೊಂಡಿದ್ದರು. ಅಲ್ಲಿಯ ಇನಾಸ್ ಅನ್ನುವವನು ಒಳ್ಳೊಳ್ಳೆ ತಿದ್ದುಪಡಿ ಕಳಿಸುತ್ತಿದ್ದ. ಸಾಮಾನು ಸಾಗಿಸುವ ಒಂದು ದೊಡ್ಡ ಕಂಪನಿ ಸದ್ದಿಲ್ಲದೆ ಎತ್ತಿಕೊಂಡು ತನ್ನ ಲಾರಿಗಳಿಗೆ ಹಾಕಿತ್ತು. ಅಂಬುಜಾಕ್ಷಿ ನನಗೆ ಆ ಕಂಪನಿಯವರ ಸಂದೇಶ ಓದಿ ಹೇಳಿದರು: "'ಈ ದೋಷದಿಂದ ನಮಗೆ ತೊಂದರೆಯಾಗುತ್ತಿದೆ, ಸಂಜೆಯೊಳಗೆ ಸರಿಪಡಿಸತಕ್ಕದ್ದು.' ತಕ್ಕದ್ದಂತೆ! ನಾನೇನು ಇವರ ಮನೆ ಆಳಾ?" ಹೇಳುತ್ತಲೇ ಅವರ ಬೆರಳು ಉತ್ತರ ಬರೆಯುತ್ತಿತ್ತು.

"ಆಗಲ್ಲ ಅಂತ ಬರೀರಿ ಮೇಡಂ."

"ಬರೀಬಹುದು. ಆಮೇಲೆ ಮನಸ್ಸಿಗೆ ಸಮಾಧಾನ ಇರಲ್ವಲ್ಲ" ಅಂದು, ನಾನು ಕೊಟ್ಟ ಕರಿಬೇವನ್ನು ಮೇಜಿನ ಮೇಲೇ ಮರೆತು ಹೋದರು.

ಗೌಸ್‌ಪೀರನ ಅನಾಹುತ ಆದದ್ದು ಆಮೇಲೆ. ಬಣ್ಣದ ಬೀದಿಯಲ್ಲಿ ನೂಲಿಗೆ ಬಣ್ಣ ಹಾಕುವವನು ಗೌಸ್‌ಪೀರ್. ಒಂದು ಬೆಳಿಗ್ಗೆ ಕುದಿಯುವ ಕಡಾಯಿಯ ಒಂದು ಕಾಲು ಜಾರಿ, ಬಣ್ಣದ ನೀರು ಅವನ ಬಲಗೈ ಮೇಲೆ, ಎದೆಯ ಮೇಲೆ ಸುರಿಯಿತು. ಹೆಂಡತಿ ಮಹಬೂಬಿ ಆಸ್ಪತ್ರೆಗೆ ಫೋನ್ ಮಾಡಿದಳು. "ನಮ್ಮ ಬೀದಿ ಈವತ್ತು ಗಿರಣಿ ಬೀದಿ ಪಕ್ಕ ಐತಿ, ಬೇಗ ಬರ್ರಿ" ಅಂತ ಕೂಗಿಕೊಂಡಳು. ಫೋನ್ ತೆಗೆದವರು ಎದುರಿನ ಪರದೆ ನೋಡಿ, "ಬೋರ್ಡ್‌ನಲ್ಲಿ ಹಗ್ಗದ ಬೀದಿ ಪಕ್ಕ ಅಂತಿದೆಯಲ್ಲಮ್ಮಾ, ಗಾಬರೀಲಿ ತಪ್ಪು ಹೇಳ್ತಿದ್ದೀಯ" ಅಂದರು. ರೇವಣನಿಗೂ ಹಾಗೇ ಹೇಳಿ ಕಳಿಸಿದರು. ಅವನು ಹಗ್ಗದ ಬೀದಿಯ ಕೊನೆಯವರೆಗೆ ಗಾಡಿ ಓಡಿಸಿದ. ಅಲ್ಲಿ ಬಣ್ಣದ ಬೀದಿ ಇರಲಿಲ್ಲ, ಕೆರೆಯ ತಡೆಗೋಡೆ ಇತ್ತು. ಆ ಇಕ್ಕಟ್ಟಿನಲ್ಲಿ ಗಾಡಿ ತಿರುಗಿಸಲಾಗದೆ, ಹಗ್ಗ ಹೊಸೆಯಲು ನೆಟ್ಟ ಕಂಬಗಳನ್ನು ತಪ್ಪಿಸುತ್ತಾ ಅಷ್ಟುದ್ದಕ್ಕೂ ಹಿಂದಕ್ಕೆ ಬಂದ. ಅವನು ಊರು ಸುತ್ತಿ ಗಿರಣಿಯ ಕಡೆಯಿಂದ ಬರುವಷ್ಟರಲ್ಲಿ ಬೀದಿಯವರು ಗೌಸ್‌ಪೀರನನ್ನು ಕಿತ್ತ ಬಾಗಿಲ ಮೇಲೆ ಮಲಗಿಸಿ ಹೊತ್ತುಕೊಂಡು ಅರ್ಧ ದಾರಿ ಬಂದಿದ್ದರು. ಜೀವ ಉಳಿಯಿತು. ಬಲಗೈ ಬೆರಳುಗಳು ಮಾತ್ರ ಮಡಚಿಕೊಂಡು ಕೂತವು. ಇನ್ನು ಆ ಕೈಯಲ್ಲಿ ನೂಲು ಹಿಂಡುವ ಹಾಗಿಲ್ಲ ಅಂತ ಡಾಕ್ಟರು ಹೇಳಿದರು.

ಮನೆಗೆ ಬಂದ ರೇವಣ ಅಂಗಿ ಬಿಚ್ಚಲಿಲ್ಲ. ಅದರ ಮೇಲೆ ನೀಲಿ ಬಣ್ಣ ಅಂಟಿತ್ತು. "ಆಯಮ್ಮ ಸರಿಯಾಗೇ ಹೇಳಿದ್ಲಂತೆ. ನಾವ್ಯಾರೂ ಕೇಳ್ಲಿಲ್ಲ" ಅಂದ. ಮತ್ತೆ ನನ್ನ ಮುಖ ನೋಡಿ, "ಅದು ಯಾಕೆ ಹಂಗೆ ತೋರಿಸ್ತು, ನೋಡಿ ಹೇಳು" ಅಂದ. ಕೇಳಿದ ದನಿಯಲ್ಲಿ ಆರೋಪ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ನಾನು ಲಾಗುಗಳನ್ನು ತೆರೆದು ಕೂತೆ. ಯಾವ ಸುದ್ದಿ ಯಾವಾಗ ಬಂತು, ಯಾರಿಂದ ಬಂತು ಅಂತ ಸರ್ವರ್ ಬರೆದಿಟ್ಟುಕೊಳ್ಳುತ್ತದೆ. ಬಣ್ಣದ ಬೀದಿಯ ತುದಿಗಾರ ಓಬಳೇಶ ಆ ಬೆಳಿಗ್ಗೆ ಸರಿಯಾಗಿಯೇ ಕಳಿಸಿದ್ದ. ಆದರೆ ಅವನು ಹಿಂದಿನ ದಿನ ಕಳಿಸಿದ್ದ ಸುದ್ದಿಯೊಂದು ಸಿಗ್ನಲ್ ಸಿಗದೆ ಫೋನಿನಲ್ಲೇ ಸಿಕ್ಕಿಕೊಂಡಿತ್ತು. ಅದು ಈಗ ಹೊಸದರ ಹಿಂದೆಯೇ ಬಂದು ಸೇರಿತ್ತು. ಕೊನೆಗೆ ಬಂದದ್ದೇ ಹೊಸದು ಅಂತ ನಂಟು ನಂಬಿತು. ನನ್ನನ್ನು ಕಾಡಿದ್ದು ಇನ್ನೊಂದು ಸಾಲು. ಗಿರಣಿ ಬೀದಿಯ ತುದಿಗಾರ ಅದೇ ಬೆಳಿಗ್ಗೆ, "ನಮ್ಮ ತುದಿಗೆ ಬಣ್ಣದ ಬೀದಿ" ಅಂತ ಕಳಿಸಿದ್ದ. ಬಣ್ಣದ ಬೀದಿಯ ಆ ತುದಿ ಒಂದೇ ಹೊತ್ತಿಗೆ ಗಿರಣಿಗೂ ಹಗ್ಗಕ್ಕೂ ತಾಗಿರಲು ಸಾಧ್ಯವೇ ಇಲ್ಲ. ಎರಡರಲ್ಲೊಂದು ಸುಳ್ಳು ಅನ್ನುವುದು ಅಲ್ಲೇ ಎದುರಿಗಿತ್ತು. ನಂಟು ಅದನ್ನು ಯಾರಿಗೂ ಹೇಳದೆ ಒಂದನ್ನು ಆರಿಸಿಕೊಂಡು, ಅನುಮಾನವೇ ಇಲ್ಲದ ದಪ್ಪ ಗೆರೆಯಲ್ಲಿ ನಕ್ಷೆ ಬರೆದಿತ್ತು.

ಊರಿಗೆ ಇಷ್ಟೆಲ್ಲ ಬೇಕಿರಲಿಲ್ಲ. ನಂಟು ಬರೆದವರು ಯಾರು? ಅಂಬುಜಾಕ್ಷಿ. ಅಷ್ಟು ಸಾಕಾಯಿತು. ಗಂಟೆ ಬೀದಿ ಆ ವಾರ ಸಂತೆ ಮಾಳಕ್ಕೆ ತಾಗಿತ್ತು, ಹೋಗಲು ಎಲ್ಲರಿಗೂ ಸುಲಭವಾಯಿತು. ಬಾಗಿಲ ಮುಂದೆ ಗುಂಪು ಕಟ್ಟಿ ಕೂಗಿದರು, ಯಾರೋ ಕಿಟಕಿಗೆ ಕಲ್ಲು ಹೊಡೆದರು. ಲಾರಿಯ ಕಂಪನಿಯವರು ಅದೇ ದಿನ, ನಿಮ್ಮ ಹೊಣೆಗೇಡಿತನವನ್ನು ಖಂಡಿಸುತ್ತೇವೆ ಅಂತ ಎಲ್ಲರಿಗೂ ಕಾಣುವಂತೆ ಬರೆದರು. ಸಂಜೆ ನಂಟಿನ ಪುಟದಲ್ಲಿ ಒಂದೇ ಸಾಲು ಇತ್ತು: "ಇನ್ನು ನನ್ನಿಂದ ಆಗುವುದಿಲ್ಲ." ಆಮೇಲೆ ಯಾವ ಪ್ರಶ್ನೆಗೂ ಉತ್ತರವಿಲ್ಲ, ಫೋನ್ ಬಂದ್.

ನಗರಸಭೆಯ ಅಧ್ಯಕ್ಷ ಉಮಾಪತಿಯವರು ನನ್ನನ್ನು ಕರೆಸಿದರು. "ನೋಡಮ್ಮ, ಆ ಕೋಡ್ ಯಾರು ಬೇಕಾದ್ರೂ ತಗೋಬಹುದು ತಾನೇ? ತಗೊಂಡು ಹೆಸರು ಬದಲಾಯಿಸು. ನಮ್ಮದೇ ಅಂತ ಮಾಡ್ಕೊಂಡ್ಬಿಡೋಣ."

"ಸರ್ವರಿನದು ಮಾಡಬಹುದು ಸರ್. ಆದರೆ ತುದಿಗಾರರ ಫೋನಿನಲ್ಲಿರೋದನ್ನೂ ಬದಲಾಯಿಸಬೇಕು. ಅಂಬುಜಾಕ್ಷಿಯವರ ಡಿಜಿಟಲ್ ಸಹಿ ಇರೋ ಪ್ರತಿಯನ್ನ ಬಿಟ್ಟು ಬೇರೆ ಯಾವುದನ್ನೂ ಆ ಫೋನುಗಳು ಒಪ್ಪೋದಿಲ್ಲ. ಸಹಿ ಹಾಕೋ ಕೀಲಿ, ಅಂದರೆ ಅದರ ಗುಟ್ಟಿನ ಸಂಕೇತ, ಅವರೊಬ್ಬರ ಹತ್ತಿರವೇ ಇದೆ."

"ಒಬ್ಬರ ಹತ್ತಿರವೇ? ಅದು ಹೆಂಗೆ ಬಿಟ್ರು?"

ಬಿಟ್ಟವರು ಇವರೇ. ನಾನು ಎದ್ದು ಬಂದೆ.

ಆ ದಿನಗಳಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೆಳಗಾದರೆ ಬೋರ್ಡಿನ ಮುಂದೆ ನಿಂತು ಪ್ರತಿ ಗೆರೆಯನ್ನೂ ಅನುಮಾನದಿಂದ ನೋಡುತ್ತಿದ್ದೆ. ಆಂಬುಲೆನ್ಸಿನ ಸದ್ದು ಕೇಳಿದರೆ ಕಿಟಕಿಗೆ ಓಡುತ್ತಿದ್ದೆ. ಸಾರಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ ಅಂತ ಮತ್ತೆ ಹಾಕುತ್ತಿದ್ದೆ. ರೇವಣ ನೀರು ಕುಡಿದುಕೊಂಡೇ ಉಣ್ಣುತ್ತಿದ್ದ. ಕೊನೆಗೆ ಅಂಬುಜಾಕ್ಷಿಯವರನ್ನು ಹುಡುಕಿಕೊಂಡು ಹೋಗುವುದೇ ಸರಿ ಅನ್ನಿಸಿತು. ಅದೂ ಸುಲಭವಿರಲಿಲ್ಲ. ಗಂಟೆ ಬೀದಿಯ ತುದಿಗಾರ್ತಿ ಅವರೇ. ಅವರು ಸುದ್ದಿ ಕಳಿಸುವುದನ್ನು ನಿಲ್ಲಿಸಿದ ಮೇಲೂ ನಂಟು ಗಂಟೆ ಬೀದಿಯನ್ನು ಸಂತೆ ಮಾಳದ ಪಕ್ಕದಲ್ಲೇ ತೋರಿಸುತ್ತಿತ್ತು. ಹೋಗಿ ನೋಡಿದರೆ ಅಲ್ಲಿ ಬೆಣ್ಣೆ ಬಜಾರು.

ಬೆಣ್ಣೆ ಬಜಾರಿನಲ್ಲಿ, ಗಂಟೆ ಬೀದಿ ಎಲ್ಲಿ ಅಂತ ಕೇಳುತ್ತಾ ನಿಂತಿದ್ದಾಗ ಇನ್ನೊಬ್ಬ ಅದನ್ನೇ ಕೇಳುತ್ತಿರುವುದು ಕಿವಿಗೆ ಬಿತ್ತು. ಬಲಗೈಗೆ ಬ್ಯಾಂಡೇಜು, ಹೆಗಲಿಗೆ ಕಟ್ಟಿದ ಜೋಳಿಗೆ. ಗೌಸ್‌ಪೀರ್. ನನ್ನ ಗುರುತು ಅವನಿಗೆ ಇತ್ತು. "ನೀವು ಡ್ರೈವರ್ ರೇವಣ್ಣನ ಮನೆಯೋರಲ್ವಾ? ನಗರಸಭೇಲಿ ಕಂಪ್ಯೂಟರ್ ನೋಡೋರು?"

"ಹೌದು. ನೀವು... ಅವರ ಮನೆಗೆ ಯಾಕೆ?"

"ಆಯಮ್ಮನ್ನ ಒಂದು ಮಾತು ಕೇಳ್ಬೇಕು" ಅಂದ. ಮುಖದಲ್ಲಿ ಏನೂ ಕಾಣಲಿಲ್ಲ. ನನಗೆ ಹೆದರಿಕೆಯಾಯಿತು. ಒಬ್ಬನನ್ನೇ ಬಿಡುವುದಕ್ಕಿಂತ ಜೊತೆಗೆ ಹೋಗುವುದೇ ಮೇಲು ಅಂದುಕೊಂಡೆ.

ಬೀದಿಯಿಂದ ಬೀದಿಗೆ ಹೋದೆವು. ಗಂಟೆ ಎರಕದವರು ಬಡಿದು ನೋಡುವ ಸದ್ದು ಬೆಳಿಗ್ಗೆ ಕೇಳಿಸಿತ್ತು ಅಂತ ಒಬ್ಬಳು ಪೂರ್ವಕ್ಕೆ ಕೈ ತೋರಿಸಿದಳು. ಅಲ್ಲಿ ಹೋದರೆ ಅದು ನಿನ್ನೆಯ ಮಾತು ಅಂದರು. ಬಿಸಿಲು ಏರುತ್ತಿತ್ತು. ಗೌಸ್‌ಪೀರ್ ಆಗಾಗ ನಿಂತು ಉಸಿರು ಬಿಗಿಹಿಡಿಯುತ್ತಿದ್ದ, ನೋವಿರಬೇಕು. ಸೋಡಾ ಕೊಡಿಸಲೇ ಅಂದರೆ ಬೇಡ ಅಂದ. ಸೌದೆ ಡಿಪೋದ ಬೀದಿ ದಾಟಿದ ಮೇಲೆ ಟಂಗ್ ಅಂತ ಒಂದು ಸದ್ದು ಕೇಳಿಸಿತು, ಆಮೇಲೆ ಇನ್ನೊಂದು.

ಅಂಬುಜಾಕ್ಷಿ ಬಾಗಿಲು ತೆರೆದು ನಮ್ಮಿಬ್ಬರನ್ನೂ ನೋಡಿದರು. ಗೌಸ್‌ಪೀರನ ಕೈ ನೋಡಿ ಯಾರು ಅಂತ ತಿಳಿದಿರಬೇಕು, ಬದಿಗೆ ಸರಿದು ದಾರಿ ಬಿಟ್ಟರು. ಒಡೆದ ಕಿಟಕಿಗೆ ರಟ್ಟು ಅಂಟಿಸಿದ್ದರು. ಕೋಣೆಯ ತುಂಬ ಬಟ್ಟೆ ಹರಡಿತ್ತು, ಒಂದು ಪೆಟ್ಟಿಗೆ ಅರ್ಧ ತುಂಬಿತ್ತು.

ಗೌಸ್‌ಪೀರ್ ನಿಂತೇ ಕೇಳಿದ. "ನನ್ನ ಹೆಂಡ್ತಿ ಗಿರಣಿ ಪಕ್ಕ ಅಂತ ಗಂಟಲು ಹರಿಯೋ ಹಂಗೆ ಕೂಗಿದ್ಲು. ನಿಮ್ಮ ಬೋರ್ಡ್ ಹಗ್ಗದ ಬೀದಿ ಅಂತು. ಅದಕ್ಕೆ ಗೊತ್ತಿತ್ತಾ?"

"ಗೊತ್ತಿರಲಿಲ್ಲ" ಅಂದರು ಅಂಬುಜಾಕ್ಷಿ.

"ಮತ್ಯಾಕೆ ಹೇಳ್ತು?"

ಅವರು ಕುರ್ಚಿಯ ಬೆನ್ನು ಹಿಡಿದುಕೊಂಡರು. "ಮೊದಲು ಹಾಗಿರಲಿಲ್ಲ. ಸುದ್ದಿ ಬಾರದ ತುದಿಯನ್ನ, ಹೊಂದಿಕೆಯಾಗದ ತುದಿಯನ್ನ ಖಾಲಿ ಬಿಡುತ್ತಿತ್ತು. ಬೋರ್ಡಿನ ಉದ್ಘಾಟನೆ ದಿನ ನಕ್ಷೆ ತುಂಬ ತೂತು ಕಾಣಿಸಿತು. ಅಧ್ಯಕ್ಷರು ಬಂದು, ಊರಿನ ಮರ್ಯಾದೆ ಹೋಗುತ್ತೆ, ಏನಾದರೂ ತುಂಬಿ ಅಂದರು. ಆಗಲ್ಲ ಅಂತ ಒಂದು ದಿನ ಜಗಳ ಆಡಿದೆ. ಆಮೇಲೆ ಸಾಕಾಯಿತು. ಹಳೆಯದನ್ನೇ ತುಂಬೋ ಹಾಗೆ, ಕೊನೆಗೆ ಬಂದದ್ದನ್ನ ನಂಬೋ ಹಾಗೆ ಬರೆದುಕೊಟ್ಟೆ. ಬರೆದದ್ದು ನಾನೇ."

ಗೌಸ್‌ಪೀರ್ ತಲೆಯಾಡಿಸಿದ. ಕ್ಷಮಿಸಿದ ತಲೆಯಾಟವಲ್ಲ ಅದು. "ಚಾ ಕುಡಿದು ಹೋಗಪ್ಪ" ಅಂದರು ಅವರು. "ಬ್ಯಾಡ್ರಿ" ಅಂದು ಎಡಗೈಯಿಂದ ಬಾಗಿಲು ಎಳೆದುಕೊಂಡು ಹೋದ. ಎಡಗೈ ಇನ್ನೂ ರೂಢಿಯಾಗಿರಲಿಲ್ಲ. ಚಿಲಕ ಸಿಗದೆ ಎರಡು ಸಲ ತಡಕಾಡಿದ. ಅಂಬುಜಾಕ್ಷಿ ಸಹಾಯಕ್ಕೆ ಹೋಗಲಿಲ್ಲ, ಆದರೆ ಆ ಕೈ ಕಾಣುವಷ್ಟು ಹೊತ್ತೂ ನೋಡುತ್ತಿದ್ದರು.

ಅವನು ಹೋದ ಮೇಲೆ ನಾನು ಕೀಲಿಯ ಮಾತು ಎತ್ತಿದೆ. ಫೋನೇ ಪ್ರತಿ ಸುದ್ದಿಗೂ ಕ್ರಮಸಂಖ್ಯೆ ಹಾಕಿ ಕಳಿಸಲಿ, ಹಿಂದಿನ ಸಂಖ್ಯೆ ತಡವಾಗಿ ಬಂದರೆ ಸರ್ವರ್ ಬದಿಗಿಡಲಿ. ಎರಡು ಬೀದಿಯವರ ಮಾತು ಒಂದಕ್ಕೊಂದು ಕೂಡದಿದ್ದರೆ ಆ ತುದಿಯನ್ನು ಖಾಲಿ ಬಿಡಲಿ. ಕೋಡ್ ಬರೆದಿದ್ದೇನೆ, ಎರಡು ಬೇರೆ ಬೇರೆ ತಿದ್ದುಪಡಿಗಳಾಗಿ ಮಾಡಿದ್ದೇನೆ ಅಂದೆ. ಅವರು ಕನ್ನಡಕ ಇಳಿಸಿಕೊಂಡು ನಿಧಾನಕ್ಕೆ ಓದಿದರು. ಒಂದು ಕಡೆ ಬೆರಳಿಟ್ಟು, "ಫೋನ್ ಕೆಟ್ಟು ಹೊಸದು ತಗೊಂಡ್ರೆ ಲೆಕ್ಕ ಮತ್ತೆ ಒಂದರಿಂದ ಶುರುವಾಗುತ್ತಲ್ಲ, ಆಗ?" ಅಂದರು. ನಾನು ಅದನ್ನು ಯೋಚಿಸಿರಲಿಲ್ಲ. ಅಲ್ಲೇ ನೆಲದ ಮೇಲೆ, ಹರಡಿದ ಸೀರೆಗಳ ನಡುವೆ ಕೂತು ಸರಿ ಮಾಡಿದೆವು. ಅವರು ಕೂತದ್ದನ್ನು ನಾನು ನೋಡಿದ್ದು ಆವತ್ತೇ.

"ಕೀಲಿ ನಿನಗೆ ಕೊಡಲ್ಲ" ಅಂದರು ಕೊನೆಗೆ. ನನ್ನ ಮುಖ ಇಳಿದಿರಬೇಕು. "ನಿನಗೊಬ್ಬಳಿಗೇ ಕೊಡಲ್ಲ ಅಂದೆ. ಕೊಟ್ರೆ ಮುಂದಿನ ಕಲ್ಲು ನಿನ್ನ ಕಿಟಕಿಗೆ. ನೀನು, ಇನಾಸ್, ಇನ್ನೊಬ್ಬರು ಯಾರನ್ನಾದರೂ ನೀವೇ ಹುಡುಕಿಕೊಳ್ಳಿ. ಇಬ್ಬರು ಒಪ್ಪಿದರೆ ಮಾತ್ರ ಸಹಿ ಬೀಳಬೇಕು."

"ನೀವು?"

"ಸಾಕಮ್ಮ ನನಗೆ. ಬೆಳಗಾದರೆ ಎಲ್ಲಿ ಏನು ಕೆಟ್ಟಿದೆಯೋ ಅಂತ ಏಳೋದು ಸಾಕಾಗಿದೆ. ಏನೂ ಕೆಡದ ದಿನವೂ ಹಾಗೇ ಏಳ್ತೀನಿ."

ಇನಾಸ್ ಒಪ್ಪಿದ. ಮೂರನೆಯವಳಾಗಿ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುವ ಸರೋಜಿನಿ ಬಂದಳು; ನನ್ನ ಕೋಡಿನಲ್ಲಿ ತಪ್ಪು ಹುಡುಕುವುದರಲ್ಲಿ ಅವಳಿಗೆ ಸಂತೋಷವಿತ್ತು. ಹೊಸ ಪ್ರತಿಯನ್ನು ಒಮ್ಮೆಲೇ ಊರಿಗೆ ಹಾಕಲಿಲ್ಲ. ಮೊದಲು ನಮ್ಮ ಕಂಚುಗಾರರ ಬೀದಿಗೆ, ಆಮೇಲೆ ಪಕ್ಕಕ್ಕೆ ಬಂದ ಬೀದಿಗಳಿಗೆ. ಒಂದು ಬೀದಿಯಲ್ಲಿ ತುದಿಗಾರನ ಹಳೇ ಫೋನು ಅದನ್ನು ನುಂಗಲಾರದೆ ಬಿಸಿಯಾಗಿ ಆರಿಹೋಯಿತು. ಅಷ್ಟಕ್ಕೇ ನಿಲ್ಲಿಸಿ, ಹಗುರ ಮಾಡಿ, ಮುಂದೆ ಹೋದೆವು. ನನ್ನ ಹಳೇ ಕಂಪನಿಯಲ್ಲಾದರೆ ಇಷ್ಟು ಹೊತ್ತಿಗೆ ನಾಲ್ಕು ಸಲ ಮುಗಿಸಿರುತ್ತಿದ್ದೆವು, ನಾಲ್ಕು ಸಲ ಮಗುಚಿಯೂ ಇರುತ್ತಿದ್ದೆವು.

ಇಡೀ ಊರಿಗೆ ಹಾಕಿದ ಬೆಳಿಗ್ಗೆ ಬೋರ್ಡಿನ ಮುಂದೆ ಗದ್ದಲವೋ ಗದ್ದಲ. ನಕ್ಷೆಯಲ್ಲಿ ಎಲ್ಲೆಂದರಲ್ಲಿ ಬಿಳಿ. ತುದಿಗಾರರಲ್ಲಿ ಎಷ್ಟು ಜನ ಹಾಸಿಗೆಯಲ್ಲೇ ಮಲಗಿಕೊಂಡು ನಿನ್ನೆಯದನ್ನೇ ಒತ್ತುತ್ತಿದ್ದರು ಅನ್ನುವುದು ಊರಿಗೆಲ್ಲ ಒಟ್ಟಿಗೆ ಗೊತ್ತಾಯಿತು. ಅವರೆಲ್ಲ ನನ್ನ ಮೇಲೆ ಹರಿಹಾಯ್ದರು. ಅಧ್ಯಕ್ಷರು ಕಾರು ಕಳಿಸದೆ ತಾವೇ ನಡೆದು ಬಂದರು. "ಏನಮ್ಮ ಇದು, ಸೊಳ್ಳೆಪರದೆ ಹರಿದಂಗಿದೆ? ತುಂಬು ಇದನ್ನ."

"ಗೊತ್ತಿಲ್ಲದ್ದನ್ನ ತುಂಬೋದಿಲ್ಲ ಸರ್."

"ನಾನು ಹೇಳ್ತಿದ್ದೀನಿ."

"ಇಬ್ಬರು ಸಹಿ ಹಾಕಬೇಕು ಸರ್. ನಾನು ಹಾಕಲ್ಲ. ಉಳಿದವರನ್ನ ಕೇಳಿ ನೋಡಿ, ಒಬ್ಬರು ನದಿ ಮಧ್ಯೆ ಇದ್ದಾರೆ." ಕೆಲಸದಿಂದ ತೆಗೆಯುತ್ತೇನೆ ಅಂದರು. ತೆಗೆದರೆ ತೆಗೆಯಲಿ ಅಂತ ಮನೆಗೆ ಬಂದೆ, ಮತ್ತೆ ಹೋದೆ, ಬೋರ್ಡ್ ನೋಡಿದೆ, ಮತ್ತೆ ಬಂದೆ.

ಅದೇ ವಾರ ಒಂದು ಕರೆ ಬಂತು. ಉಸಿರಾಟದ ತೊಂದರೆಯ ಒಬ್ಬ ಮುದುಕಿ, ಸುಣ್ಣದ ಬೀದಿಯಲ್ಲಿ. ಆಸ್ಪತ್ರೆಯ ಪರದೆಯಲ್ಲಿ ಸುಣ್ಣದ ಬೀದಿಯ ಎರಡೂ ತುದಿ ಬಿಳಿ. ಫೋನ್ ತೆಗೆದವರು ಬೇರೆ ದಾರಿಯಿಲ್ಲದೆ, "ನಿಮ್ಮ ಮನೆಯಿಂದ ಹೊರಗೆ ಬಂದರೆ ಏನು ಕಾಣುತ್ತಮ್ಮಾ?" ಅಂತ ಕೇಳಿದರು. ಮುದುಕಿಯ ಸೊಸೆ, ಒಂದು ಕಡೆ ಸಿನಿಮಾ ಟಾಕೀಸಿನ ಹಿಂಗೋಡೆ ಅಂದಳು. ರೇವಣ ಟಾಕೀಸಿಗೆ ಹೊರಟ. ದಾರಿಯುದ್ದಕ್ಕೂ ಅವಳ ಜೊತೆ ಫೋನಿನಲ್ಲಿ ಮಾತಾಡುತ್ತಲೇ ಹೋದನಂತೆ. ಬೀದಿಯ ಮಕ್ಕಳು, ಹೆಂಗಸರು ತುದಿಯಲ್ಲಿ ನಿಂತು ಟವೆಲ್ಲು ಬೀಸುತ್ತಿದ್ದರಂತೆ. ಸಂಜೆ ಬಂದವನು ಚಪ್ಪಲಿ ಬಿಡುತ್ತಾ, "ಮುದುಕಿ ಹುಷಾರು. ಆಕ್ಸಿಜನ್ ಹಾಕಿಸ್ಕೊಂಡೇ ನನ್ನ ಡ್ರೈವಿಂಗಿಗೆ ಬೈತಿತ್ತು" ಅಂದ. ನಾನು ಅಡಿಗೆಮನೆಯ ಗೋಡೆಗೆ ಒರಗಿಕೊಂಡು ಅತ್ತೆ. ಅವನು ಹತ್ತಿರ ಬಂದು, ಅಳುವಂಥದ್ದು ಏನಾಯಿತು ಅಂತ ತಿಳಿಯದೆ ನನ್ನ ತಲೆ ಸವರುತ್ತಾ ನಿಂತ.

ಗೌಸ್‌ಪೀರ್ ಒಂದು ದಿನ ನಗರಸಭೆಗೇ ಬಂದ. ಕೈಗೆ ಬ್ಯಾಂಡೇಜಿರಲಿಲ್ಲ, ಅಂಗಿಯ ತೋಳನ್ನು ಪೂರ್ತಿ ಇಳಿಸಿಕೊಂಡಿದ್ದ. ಓಬಳೇಶನ ಬದಲು ಈಗ ಅವನೇ ಬಣ್ಣದ ಬೀದಿಯ ತುದಿಗಾರ. ಯಾರೂ ಕೊಟ್ಟದ್ದಲ್ಲ, ಅವನೇ ಜಗಳವಾಡಿ ತಗೊಂಡದ್ದು. ಫೋನನ್ನು ಮೇಜಿನ ಮೇಲೆ ತಳ್ಳಿ, "ಇದೇನು ಬರ್ದಿದೀರಿ? 'ತುದಿ ಮೌಲ್ಯ ಲಭ್ಯವಿಲ್ಲ.' ನಮ್ಮ ಬೀದೀಲಿ ಯಾರಿಗೆ ತಿಳೀತದೆ? ಬೀದಿಗೆ ಬೆಲೆ ಇಲ್ಲ ಅಂತ ತಿಳ್ಕೊಂಡು ಮಹಬೂಬಿ ಬೈತಾಳೆ" ಅಂದ.

"ಏನಂತ ಬರೀಬೇಕು ಹೇಳಿ."

"'ಈ ತುದಿ ಇನ್ನೂ ಯಾರೂ ನೋಡಿಲ್ಲ. ಅಲ್ಲಿಯವರನ್ನ ಕೇಳಿ.' ಅಷ್ಟೇ."

ಹಾಗೇ ಬರೆದು ಕಳಿಸಿದೆ. ಸರೋಜಿನಿ ಸಹಿ ಹಾಕಿದಳು. ಬದಲಾವಣೆ ಸೂಚಿಸಿದವರ ಹೆಸರಿನ ಜಾಗದಲ್ಲಿ ಅವನ ಹೆಸರು ಹಾಕಲೇ ಅಂದರೆ, "ಮಹಬೂಬಿದು ಹಾಕ್ರಿ" ಅಂದ. ಅಂಬುಜಾಕ್ಷಿಯವರ ಬಗ್ಗೆ ಏನೂ ಕೇಳಲಿಲ್ಲ. ಅಧ್ಯಕ್ಷರು ನನ್ನನ್ನು ತೆಗೆಯಲಿಲ್ಲ. ತೆಗೆದರೆ ಸಹಿಗೆ ಯಾರ ಹಿಂದೆ ಓಡುವುದು ಅಂತ ಅವರ ಆಪ್ತರೊಬ್ಬರು ತಿಳಿಹೇಳಿದರಂತೆ. ಈಗಲೂ ಉದ್ಘಾಟನೆಗಳ ಹಿಂದಿನ ದಿನ ಫೋನ್ ಮಾಡಿ, ನಾಳೆ ಬಿಳಿ ಸ್ವಲ್ಪ ಕಡಿಮೆ ಇರಲಿ ಅನ್ನುತ್ತಾರೆ. ತುದಿಗಾರರನ್ನು ಬೇಗ ಎಬ್ಬಿಸಿ ಸರ್ ಅನ್ನುತ್ತೇನೆ.

ಗಂಟೆ ಬೀದಿ ಹೆದ್ದಾರಿಗೆ ತಾಗಿದ ಒಂದು ಬೆಳಿಗ್ಗೆ ಅಂಬುಜಾಕ್ಷಿ ಪೆಟ್ಟಿಗೆ ಎತ್ತಿಕೊಂಡು ಮೊದಲ ಬಸ್ಸು ಹತ್ತಿದರು. ಮರಳುದಿಬ್ಬಗಳಿಗೆ ಹೋಗುತ್ತೇನೆ, ವರ್ಷಾನುಗಟ್ಟಲೆ ಸಂದೇಶ ಬರೆದುಕೊಂಡ ಆ ಇನಾಸನ ಮುಖವನ್ನೊಮ್ಮೆ ನೋಡಬೇಕು ಅಂದಿದ್ದರು. ಬೀಳ್ಕೊಡಲು ಹೋದ ನನಗೆ ಬುದ್ಧಿಮಾತೇನಾದರೂ ಹೇಳುತ್ತಾರೆ ಅಂದುಕೊಂಡೆ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಗ್ಯಾಸ್ ಆಫ್ ಮಾಡಿದೀನಾ ನೋಡು, ಬೀಗದ ಕೈ ಎದುರುಮನೇಲಿದೆ" ಅಂದರು. ಬಸ್ಸು ಹೋಯಿತು. ಗ್ಯಾಸು ಆಫ್ ಆಗಿಯೇ ಇತ್ತು.

ಎಷ್ಟೋ ದಿನ ಸುದ್ದಿಯಿಲ್ಲ. ಇನಾಸನೂ ಅವರ ವಿಷಯ ಬರೆಯುತ್ತಿರಲಿಲ್ಲ. ನನಗೆ ದಿನಕ್ಕೊಂದು ತಲೆನೋವು. ಲಾರಿ ಕಂಪನಿಯವರ "ತಕ್ಕದ್ದು"ಗಳು ಈಗ ನನ್ನ ಹೆಸರಿಗೆ ಬರುತ್ತಿದ್ದವು. ಊಟದ ತಟ್ಟೆ ಪಕ್ಕದಲ್ಲಿ ಫೋನ್ ಇಟ್ಟುಕೊಂಡು ಉತ್ತರ ಬರೆಯುವುದು ನನಗೂ ಅಂಟಿಕೊಂಡಿತ್ತು, ರೇವಣ ಒಮ್ಮೊಮ್ಮೆ ಅದನ್ನು ಮಗುಚಿ ಇಡುತ್ತಿದ್ದ. ಹಾಗಿರುವಾಗ ಒಂದು ಮಧ್ಯಾಹ್ನ ನಂಟಿನ ಪುಟಕ್ಕೆ ಹೊಸ ದೂರು ಬಂತು. ದಿಬ್ಬವೊಂದು ಎರಡಾಗಿ ಒಡೆದರೆ ನಂಟು ಎರಡನ್ನೂ ಒಂದೇ ಹೆಸರಿನಲ್ಲಿ ತೋರಿಸುತ್ತದೆ. ಏನು ಕೆಟ್ಟಿದೆ, ಯಾವಾಗ ಕೆಡುತ್ತದೆ, ಏನು ಕಾಣಬೇಕಿತ್ತು, ಏನು ಕಂಡಿತು ಅಂತ ಒಂದು ಪದ ಹೆಚ್ಚಿಲ್ಲದೆ ಬರೆದಿತ್ತು. ಕೊನೆಯಲ್ಲಿ: "ಬೇಗ ನೋಡಿದರೆ ಅನುಕೂಲ. ದೋಣಿಯವರಿಗೆ ತೊಂದರೆ. —ಅಂಬುಜಾಕ್ಷಿ."

ನಾನು ಕುರ್ಚಿ ಎಳೆದುಕೊಂಡೆ. ಕೋಡ್ ತೆರೆದೆ. ಎಲ್ಲಿ ಎಡವಿದೆ ಅಂತ ಆಗಲೇ ಅರ್ಧ ಹೊಳೆದಿತ್ತು, ಈಗಲೇ ಕೂತರೆ ಸಂಜೆಯೊಳಗೆ ಮುಗಿಸಬಹುದಿತ್ತು. ಕೇಳಿದವರು ಅವರಲ್ಲವೇ. ಆದರೆ ಆವತ್ತು ರೇವಣನಿಗೆ ರಜೆ. ಟಾಕೀಸು ನಮ್ಮ ಬೀದಿಯ ತುದಿಗೇ ಬಂದು ಕೂತಿತ್ತು, ಮ್ಯಾಟಿನಿಗೆ ಹೋಗೋಣ ಅಂತ ಅವನು ಬಾಗಿಲಲ್ಲಿ ಷರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ದೋಣಿಯವರಿಗೆ ಎರಡೂ ದಿಬ್ಬ ಕಣ್ಣಿಗೇ ಕಾಣುತ್ತವೆ, ಯಾರೂ ಮುಳುಗುವುದಿಲ್ಲ ಅನ್ನುವುದು ದೂರಿನಲ್ಲೇ ಇತ್ತು. ಬೆರಳು ಕೀಲಿಮಣೆಯ ಮೇಲೆ ಬಹಳ ಹೊತ್ತು ನಿಂತಿತು. ಆಮೇಲೆ ಬರೆದೆ: "ದೂರು ಚೆನ್ನಾಗಿ ಬರೆದಿದ್ದೀರಿ, ಧನ್ಯವಾದ. ಈಗ ಮ್ಯಾಟಿನಿಗೆ ಹೊರಟಿದ್ದೇನೆ, ಈ ವಾರ ನನ್ನಿಂದ ಆಗುವುದಿಲ್ಲ."

ಬೈಯುತ್ತಾರೆ ಅಂದುಕೊಂಡೆ. ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಉತ್ತರ ಬಂತು.

"ಅಬ್ಬ," ಅಂತ ಬರೆದಿದ್ದರು. "ಒಳ್ಳೇದು. ಹೋಗು."